ಮೂರು ಕಣ್ಣಿದ್ದರೆ ಸಾಲದು, ಪುಟ್ಟಿ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕತೆ ತಲುಪಿತು. ದೊಡ್ಡಮ್ಮನೂ ಓದಿ ನಕ್ಕಳು. ಒಂದು ಮಾತು ಹೇಳುತ್ತೇನೆ, ಮುನಿಸಿಕೊಳ್ಳಬೇಡ. ನಿನ್ನ ಗ್ರಹದ ಜನಕ್ಕೆ ಮೂರು ಕಣ್ಣು, ಹಸಿರು ಮೈ. ಅಷ್ಟು ಬಿಟ್ಟರೆ ಅವರೂ ನಮ್ಮ ಹಾಗೇ ಬೆಳಗ್ಗೆ ಎದ್ದು ಶಾಲೆಗೆ ಹೋಗುತ್ತಾರೆ, ರಾತ್ರಿ ಉಂಡು ಮಲಗುತ್ತಾರೆ. ಅದಕ್ಕೆ ಅಷ್ಟು ದೂರ ಹೋಗಬೇಕಿತ್ತಾ?

ಜನರನ್ನು ಆಮೇಲೆ ಮಾಡು. ಮೊದಲು ಅಲ್ಲಿನ ಹಗಲು, ಮಳೆ, ಗಾಳಿ ಹೇಗೆ ಅಂತ ಯೋಚಿಸು. ವಿಚಿತ್ರ ಒಂದೇ ಇರಲಿ, ಅದರ ಬೆನ್ನು ಬಿಡಬೇಡ.

ಶುಕ್ರನನ್ನೇ ತಗೋ. ತನ್ನ ಸುತ್ತ ತಾನು ಒಮ್ಮೆ ತಿರುಗಲು ಅವನಿಗೆ ನಮ್ಮ 243 ದಿನ ಬೇಕು. ಅದೂ ಉಲ್ಟಾ. ಅಲ್ಲಿ ಸೂರ್ಯ ಹುಟ್ಟುವುದು ಪಶ್ಚಿಮದಲ್ಲಿ, ಮುಳುಗುವುದು ಪೂರ್ವದಲ್ಲಿ. ಹೀಗೆ ಉಲ್ಟಾ ತಿರುಗುತ್ತಲೇ ಸೂರ್ಯನನ್ನೂ ಸುತ್ತುವುದರಿಂದ ಒಂದು ಬೆಳಗಿನಿಂದ ಇನ್ನೊಂದು ಬೆಳಗಿಗೆ ಮಾತ್ರ ಸುಮಾರು 117 ದಿನ. ಲೆಕ್ಕ ಹಾಕಿ ನೋಡು. ಸಮಭಾಜಕದ ಮೇಲೆ ಪೂರ್ವಕ್ಕೆ, ಗಂಟೆಗೆ ಸುಮಾರು 14 ಕಿ.ಮೀ. ವೇಗದಲ್ಲಿ ಸೈಕಲ್ ತುಳಿಯುತ್ತಾ ಹೋದರೆ ಸಂಜೆ ಮುಗಿಯುವುದೇ ಇಲ್ಲ! ನಿಜವಾದ ಶುಕ್ರನ ನೆಲ 460 ಡಿಗ್ರಿ ಸೆಲ್ಸಿಯಸ್ ಕಾದಿರುತ್ತದೆ, ಸೀಸವೇ ಕರಗುತ್ತದೆ. ಮೋಡದ ಮುಸುಕು ಬೇರೆ. ಬಿಸಿಯನ್ನೂ ಮೋಡವನ್ನೂ ನೀನು ತೆಗೆದುಹಾಕು, ಕತೆ ಬರೆಯುವವರಿಗೆ ಅಷ್ಟು ಹಕ್ಕಿದೆ. ಆ ನಿಧಾನದ ಹಗಲನ್ನು ಮಾತ್ರ ಇಟ್ಟುಕೋ.

ಈಗ ಇಡೀ ಊರೇ ಸೈಕಲ್ ಹತ್ತಿ ಸಂಜೆಯ ಜೊತೆ ಹೊರಟಿದೆ ಅಂದುಕೋ. ನಿದ್ದೆ ಬೇಕಾದರೆ ಉಳಿದ ಹೊತ್ತು ಜೋರಾಗಿ ತುಳಿಯಬೇಕು. ಪಂಕ್ಚರ್ ಆದವನು ಹಿಂದೆ ಉಳಿದರೆ ಸುಮಾರು 58 ದಿನದ ರಾತ್ರಿ. ಅವನಿಗೆ ಬುತ್ತಿ ಬಿಟ್ಟು ಹೋಗುವವರು ಯಾರು? ದಾರಿಯಲ್ಲಿ ಬಿತ್ತಿದ ಹೊಲಕ್ಕೆ ಅವರು ಮರಳುವುದು 117 ದಿನದ ಮೇಲೆ. ನಮ್ಮ ರಾಗಿ ಕೊಯ್ಲಿಗೆ ಬರಲೂ ಹೆಚ್ಚುಕಡಿಮೆ ಅಷ್ಟೇ ದಿನ ಬೇಕು, ಅಲ್ವಾ? ಆದರೆ ಅದರಲ್ಲಿ ಅರ್ಧ ಕಾಲ ಕತ್ತಲಲ್ಲೇ ಬೆಳೆಯುವ ರಾಗಿ ಎಂಥದ್ದು? ಸದಾ ಸಂಜೆಯೇ ಆದರೆ ಮದುವೆಗೆ ಮುಹೂರ್ತ ಇಡುವುದು ಹೇಗೆ?

ಇನ್ನು ಶನಿಯ ಚಂದ್ರ ಟೈಟನ್. 2005ರ ಜನವರಿಯಲ್ಲಿ ಹೈಗೆನ್ಸ್ ನೌಕೆ ಇಳಿದದ್ದು ಅಲ್ಲೇ. ಅಲ್ಲಿ ಸುರಿಯುವುದು ಮೀಥೇನ್ ಮಳೆ. ಸೆಳೆತ ನಮ್ಮದರ ಏಳನೇ ಒಂದು ಪಾಲು, ಗಾಳಿ ಮಾತ್ರ ದಟ್ಟ. ಹಾಗಾಗಿ ಹನಿಗಳು ನಮ್ಮವಕ್ಕಿಂತ ದಪ್ಪ. ಬೀಳುವುದು ಮಾತ್ರ ನಾವು ಬಿರುಸಾಗಿ ನಡೆಯುವಷ್ಟೇ ವೇಗದಲ್ಲಿ ಅಂತ ವಿಜ್ಞಾನಿಗಳ ಲೆಕ್ಕ. ಹನಿ ಬರುವುದನ್ನು ನೋಡಿಕೊಂಡು ಪಕ್ಕಕ್ಕೆ ಸರಿಯಬಹುದು. ಕೊಡೆ ಮಾರುವವನ ಗತಿ ಏನು ಹೇಳು!

ಎರಡು ಸೂರ್ಯರ ಗ್ರಹವೂ ಇದೆ. ಕೆಪ್ಲರ್-16ಬಿ ಅಂತ, 2011ರಲ್ಲೇ ಗೊತ್ತಾಯಿತು. ಆದರೆ ಅದನ್ನು ಎಲ್ಲರೂ ಬರೆದುಬಿಟ್ಟಿದ್ದಾರೆ. ಎರಡು ನೆರಳು ತೋರಿಸಿ ಸುಮ್ನೆ ಮುಂದೆ ಹೋಗುತ್ತಾರೆ, ನನಗಂತೂ ಹಿಡಿಸುವುದಿಲ್ಲ.

ಪರೀಕ್ಷೆ ಮುಗಿದ ಮೇಲೆ ಕೂತು ಬರಿ. ಈಗಲೇ ಶುರು ಮಾಡಿದರೆ ನಿಮ್ಮಪ್ಪ ನನ್ನನ್ನು ಬೈಯುತ್ತಾನೆ. ಬರೆಯುವಾಗ ಪಂಕ್ಚರ್ ಹಾಕುವವನಿಗೆ ಒಳ್ಳೆ ಪಾತ್ರ ಕೊಡು. ಆ ಊರಿನಲ್ಲಿ ಅವನೇ ದೊಡ್ಡ ಮನುಷ್ಯ.

ಇಂತಿ,
ನಿನ್ನ ದೊಡ್ಡಪ್ಪ