ಸೌದೆ ರಾಶೀಲಿ ಸಿಕ್ಕ ಕೊಡತಿ

ಅಪ್ಪಾ,

ಹೋದ್ ವಾರ ಫೋನಲ್ಲಿ ಕೇಳಿದ್ರಲ್ಲ, ಹಿಂದೆ ಏನೋ ಟಕ್ ಟಕ್ ಅಂತಿದೆ ಏನದು ಅಂತ, ಆಗ ಏನಿಲ್ಲ ಬಿಡಿ ಅಂದುಬಿಟ್ಟೆ. ಫೋನ್ ಸ್ಪೀಕರಲ್ಲಿತ್ತು, ಅಮ್ಮ ಪಕ್ಕದಲ್ಲೇ ಇದ್ರು, ಉಳಿ ಹಿಡ್ಕೊಂಡಿದೀನಿ ಅಂದಿದ್ರೆ ಮುಂದಿನ ಅರ್ಧ ಗಂಟೆ ಬೆರಳು ಎಣಿಸ್ಕೊಂಡು ಕೂರ್ಬೇಕಿತ್ತು. ಅದಕ್ಕೇ ಪತ್ರ. ಹತ್ತೂ ಬೆರಳು ಇವೆ, ಒಂದಕ್ಕೆ ಪ್ಲಾಸ್ಟರ್ ಇದೆ ಅಷ್ಟೇ.

ನಾನಿರೋ ಬಾಡಿಗೆ ಮನೆ ಹಿಂದೆ ಒಂದು ಶೆಡ್ ಇದೆ, ಅದರ ತುಂಬ ಸೌದೆ, ಮೊದಲಿದ್ದವರು ಬಿಟ್ಟು ಹೋಗಿದ್ದು. ಚಳಿಗೆ ದಿನಾ ಒಂದಷ್ಟು ತಂದು ಒಲೆಗೆ ಹಾಕ್ತಿದ್ದೆ. ಒಂದ್ ಸಂಜೆ ಒಂದು ಸೀಳು ಕೈಗೆ ಬಂತು, ಮೊಳದುದ್ದ, ಬಿಳೀ ಬಣ್ಣ, ಎಳೆ ಎಲ್ಲಾ ಈ ತುದಿಯಿಂದ ಆ ತುದಿಗೆ ದಾರ ಎಳೆದ ಹಾಗೆ, ಒಂದು ಗಂಟಿಲ್ಲ. ಆಶ್ ಮರ ಅದು, ಇಲ್ಲೆಲ್ಲ ಸುತ್ತಿಗೆ ಗುದ್ದಲಿ ಕಾವಿಗೆ, ಅಂದ್ರೆ ಹಿಡಿಗೆ, ಹಾಕೋದು ಅದನ್ನೇ. ಒಲೆ ಬಾಗಿಲು ತೆಗ್ದು ಕೂತಿದ್ದೋನು ಒಳಗೆ ಹಾಕೋಕೆ ಮನಸ್ಸಾಗ್ದೆ ಪಕ್ಕಕ್ಕಿಟ್ಟೆ. ಅವತ್ತಿಂದ ಶುರು. ಈಗ ಒಲೆಗೆ ಬರೀ ಸೊಟ್ಟಗಿರೋದು, ಹುಳ ತಿಂದಿದ್ದು ಮಾತ್ರ ಹೋಗುತ್ತೆ, ಮನೆ ಸ್ವಲ್ಪ ತಣ್ಣಗೇ ಇರುತ್ತೆ ಬಿಡಿ.

ನೀವು ಕೊಡಲಿಗೆ ಕಾವು ಹಾಕೋವಾಗ ಹಲಗೆ ಕೊಯ್ದು ಮಾಡಿದ್ದು ಬೇಡ, ಸೀಳಿದ್ದೇ ಬೇಕು ಅಂತ ಹಠ ಮಾಡ್ತಿದ್ರಿ, ಆಗ ನಂಗೆ ಅದು ಹಳೇ ಕಾಲದ ಜಂಬ ಅನ್ನಿಸ್ತಿತ್ತು. ಈಗ ಅರ್ಥ ಆಯ್ತು. ಗರಗಸಕ್ಕೆ ನಾರು ಯಾವ ಕಡೆ ಹೋಗಿದೆ ಅನ್ನೋದು ಬೇಕಿಲ್ಲ, ಗೆರೆ ಎಲ್ಲಿದೆಯೋ ಅಲ್ಲೇ ಕೊಯ್ಯುತ್ತೆ, ನಾರು ಓರೆಯಾಗಿ ಮಧ್ಯದಲ್ಲೇ ಹೊರಗೆ ಬಂದುಬಿಟ್ರೆ ಒಂದಿನ ಅಲ್ಲೇ ಪಟ್ ಅಂತ ಮುರಿಯುತ್ತೆ. ಕೊಡಲಿ ಹಾಗಲ್ಲ, ನಾರಿನ ಜೊತೆಗೇ ಹೋಗುತ್ತೆ. ಅಂದ್ರೆ ಸೌದೆ ಸೀಳಿದವನು ಗೊತ್ತಿಲ್ದೇನೇ ಅರ್ಧ ಕೆಲಸ ಮುಗಿಸಿಟ್ಟಿರ್ತಾನೆ, ನಾನು ಆರಿಸ್ಕೊಂಡ್ರೆ ಸಾಕು.

ನನ್ ಹತ್ರ ಇದ್ದಿದ್ದು ಎರಡು ಉಳಿ, ಒಂದು ಗರಗಸ, ಒಂದು ಕೈಗೊಡಲಿ, ಒಂದು ಕಬ್ಬಿಣದ ಸುತ್ತಿಗೆ. ಸುತ್ತಿಗೇಲಿ ಹೊಡೆದೂ ಹೊಡೆದೂ ಉಳಿ ಹಿಡಿಯ ತಲೆ ಅಣಬೆ ಥರ ಅರಳಿ ಹೋಗಿತ್ತು. ಮರದ ಸುತ್ತಿಗೆ, ಅಂದ್ರೆ ಕೊಡತಿ ಬೇಕು, ಆದ್ರೆ ಕೊಡತಿ ಮಾಡೋಕೇ ಒಂದು ಕೊಡತಿ ಬೇಕಲ್ಲ. ಅದಕ್ಕೆ ಮೊದಲು ಒಂದು ಕಾಡು ಕೊಡತಿ ಮಾಡ್ದೆ, ಇದನ್ನ ನೀವೂ ಒಂದ್ಸಲ ಮಾಡಿ ನೋಡಿ, ಮಜಾ ಇದೆ. ತೋಳಿನಷ್ಟು ದಪ್ಪದ ಕೊಂಬೆ, ಸುಮಾರು 35 ಸೆಂಟಿಮೀಟರ್ ಉದ್ದ. ನಡುವಿನಲ್ಲಿ ಸುತ್ತಲೂ ಗರಗಸದಲ್ಲಿ ಎರಡೂವರೆ ಸೆಂಟಿಮೀಟರ್ ಆಳ ಕೊಯ್ಯೋದು, ಬಳೆ ಹಾಕಿದ ಹಾಗೆ. ಆಮೇಲೆ ಒಂದು ತುದಿಯಿಂದ ಕೊಡಲಿ ಇಟ್ಟು ಮೆಲ್ಲಗೆ ತಟ್ಟಿದ್ರೆ ಸೀಳು ಓಡಿ ಬಂದು ಆ ಕೊಯ್ದ ಜಾಗಕ್ಕೆ ನಿಂತ್ಕೊಳುತ್ತೆ, ಚಕ್ಕೆ ತಾನಾಗೇ ಉದುರುತ್ತೆ. ಸುತ್ತ ಹೀಗೇ ತೆಗೆದ್ರೆ ಮಧ್ಯದಲ್ಲಿ ಉಳಿಯೋದೇ ಹಿಡಿ. ಹಿಡಿ ಕಡೆ ಎಳೆ ನೆಟ್ಟಗಿರ್ಬೇಕು, ತಲೆ ಕಡೆ ಗಂಟಿದ್ರೆ ಇನ್ನೂ ಒಳ್ಳೇದು, ಬೇಗ ಸೀಳೋದಿಲ್ಲ. ನಂದು ಒಂದು ಚಹಾ ಆರೋ ಹೊತ್ತಲ್ಲಿ ಮುಗೀತು. ನೋಡೋಕೆ ರಾಕ್ಷಸನ ಗದೆ, ಆದ್ರೆ ಕೆಲಸ ಮಾಡುತ್ತೆ.

ಮೊದಲನೇ ಸರಿಯಾದ ಕೊಡತಿ ಹಾಳಾಯ್ತು. ಬೀಚ್ ಮರದ ದುಂಡಗಿನ ತುಂಡು ತಗೊಂಡು ತಲೆ ಮಾಡಿ, ತೂತು ಹೊಡೆದು, ಕಾವು ಎಷ್ಟು ಬಿಗಿಯಾಗಿ ಕೂರಿಸಿದ್ದೆ ಅಂದ್ರೆ ಅದನ್ನ ಫೋಟೋ ತೆಗೆದು ನಿಮಗೆ ಕಳಿಸಬೇಕು ಅನ್ಕೊಂಡಿದ್ದೆ, ಹದಿನೈದು ದಿನ ಒಳಗೆ ಹೀಟರ್ ಇರೋ ರೂಮಲ್ಲಿ ಇದ್ದಿದ್ದೇ ತಡ, ಕಾವು ಗಲಗಲ ಅಂತಿದೆ, ತಲೇಲಿ ನಡುವಿಂದ ಅಂಚಿಗೆ ಬೆರಳ ಉಗುರು ಹೋಗೋಷ್ಟು ಬಿರುಕು. ತಪ್ಪು ನಂದೇ, ಎರಡೆರಡು. ಒಂದು, ಮಧ್ಯದ ತಿರುಳು ಬಿಟ್ಟುಕೊಂಡಿದ್ದು. ಮರ ಒಣಗೋವಾಗ ಉಂಗುರದ ಸುತ್ತಳತೇಲಿ ಕುಗ್ಗೋದು ತಿರುಳಿಂದ ತೊಗಟೆ ಕಡೆಗೆ ಕುಗ್ಗೋದಕ್ಕಿಂತ ಹತ್ತಿರ ಹತ್ತಿರ ಎರಡರಷ್ಟು, ಹಾಗಾಗಿ ತಿರುಳು ಒಳಗಿರೋ ದುಂಡು ತುಂಡು ಎಲ್ಲಾದ್ರೂ ಒಂದ್ ಕಡೆ ಬಾಯಿ ಬಿಡ್ಲೇಬೇಕು. ಎರಡು, ಸೌದೆ ಒಣಗಿದೆ ಅಂತ ನಂಬಿದ್ದು. ಉರಿಸೋಕೆ ನೀರಿನಂಶ 20 ಪರ್ಸೆಂಟಿಗಿಂತ ಕಮ್ಮಿ ಇದ್ರೆ ಆಯ್ತು, ಆದ್ರೆ ಬೆಚ್ಚಗಿನ ಮನೆ ಒಳಗೆ ಅದು 8-10ಕ್ಕೆ ಇಳಿಯುತ್ತೆ, ಆ ಇಳಿಯೋ ಹೊತ್ತಲ್ಲಿ ನನ್ ಕೊಡತಿ ಹೋಯ್ತು. ಕಾಡು ಕೊಡತೀಲೂ ತಿರುಳಿದೆ, ಅದೂ ಸೀಳುತ್ತೆ, ಆದ್ರೆ ಅದೆಲ್ಲಾ ಒಂದೇ ತುಂಡು, ಸಡಿಲ ಆಗೋ ಕಾವಿಲ್ಲ, ತೀರಾ ಹೋದ್ರೆ ಒಲೆಗೆ.

ಈಗ ಬುದ್ಧಿ ಬಂದಿದೆ. ಕಾಲು ಭಾಗದ ಸೀಳು ಮಾತ್ರ ತಗೋತೀನಿ, ತಿರುಳಿನ ಮೂಲೆ ಕೊಡಲೀಲಿ ಕೆತ್ತಿ ಬಿಸಾಕ್ತೀನಿ, ತೊಗಟೆ ಸುಲೀತೀನಿ ಯಾಕಂದ್ರೆ ಹುಳ ಅಡಗೋದು ಅಲ್ಲೇ ಜಾಸ್ತಿ, ಎರಡೂ ತುದಿಗೆ ಕರಗಿಸಿದ ಮೇಣದಬತ್ತಿ ಬಳೀತೀನಿ. ನೀರು ತುದಿಯಿಂದ ಬೇಗ ಓಡಿ ಹೋಗುತ್ತಲ್ಲ, ಬಿರುಕು ಶುರುವಾಗೋದೇ ಅಲ್ಲಿ. ಆಮೇಲೆ ಅಡುಗೆಮನೆ ತಕ್ಕಡೀಲಿ ತೂಗಿ ತೂಕಾನ ಮರದ ಮೇಲೇ ಪೆನ್ಸಿಲಲ್ಲಿ ಬರೆಯೋದು. ಈಗಿನ ತಲೆ ತುಂಡಿನ ಮೇಲೆ ಗ್ರಾಂ ಲೆಕ್ಕದಲ್ಲಿ ಹೀಗಿದೆ ನೋಡಿ, 1410, 1330, 1285, 1262, 1258, 1258. ಎರಡು ವಾರ ನಂಬರ್ ಅಲ್ಲಾಡ್ಲಿಲ್ಲ ಅಂದ್ಮೇಲೇ ಗೆರೆ ಹಾಕಿದ್ದು. ಅಮ್ಮನಿಗೆ ತಕ್ಕಡಿ ವಿಷಯ ಹೇಳ್ಬೇಡಿ.

ಈ ಕೊಡತೀಲಿ ಬೆಣೆ ಇಲ್ಲ. ತಲೆಯ ತೂತು ಮೇಲೆ ಅಗಲ, ಕೆಳಗೆ ಕಿರಿದು. ಕಾವೂ ಹಾಗೇ, ಮೇಲ್ತುದಿ ದಪ್ಪ. ಕಾವನ್ನ ಮೇಲಿಂದ ಇಳಿಸೋದು, ಬೀಸಿದಾಗೆಲ್ಲ ತಲೆ ಹೊರಕ್ಕೆ ಎಳೆದು ತಾನೇ ಬಿಗಿಯಾಗ್ತಾ ಹೋಗುತ್ತೆ, ಚಳಿಗಾಲದಲ್ಲಿ ಕುಗ್ಗಿ ಸಡಿಲ ಆದ್ರೆ ಕಾವಿನ ಮೇಲ್ತುದಿ ಬೆಂಚಿಗೆ ಎರಡು ಸಲ ಕುಟ್ಟಿದ್ರೆ ಸರಿ ಹೋಯ್ತು. ತೂತು ಎರಡೂ ಕಡೆಯಿಂದ ಅರ್ಧರ್ಧ ಹೊಡೀಬೇಕು, ಒಂದೇ ಕಡೆಯಿಂದ ಹೋದ್ರೆ ಆ ಕಡೆ ಚಕ್ಕೆ ಎದ್ದು ಬರುತ್ತೆ. ಇನ್ನು ಹೊಡೆಯೋ ಮುಖ ಕಾವಿಗೆ ನೇರ ತೊಂಬತ್ತು ಡಿಗ್ರಿ ಇಟ್ರೆ ಉಳಿ ಮೇಲೆ ಓರೆ ಏಟು ಬೀಳುತ್ತೆ, ಕೈ ಬೀಸೋದು ಮೊಣಕೈಯಿಂದ ತಾನೆ. ಅದಕ್ಕೆ ಕಾವು ಹಿಡ್ಕೊಂಡು ಮೊಣಕೈಯಿಂದ ತಲೆಯ ಎರಡೂ ತುದಿಗೆ ದಾರ ಎಳೆದು, ಆ ದಾರದ ಗುಂಟ ಮುಖ ಕೊಯ್ದೆ. ನಾಲ್ಕು ಡಿಗ್ರಿ ಹತ್ರ ಬಂತು ಅಷ್ಟೇ, ಆದ್ರೆ ಮೊದಲನೇ ಏಟಿಗೇ ಗೊತ್ತಾಗ್ಬಿಟ್ತು. ಟಣ್ ಅಲ್ಲ, ಠಕ್ ಅಲ್ಲ, ಒಂಥರಾ ತುಂಬಿದ ಸದ್ದು. ನಿಮಗೆ ಕೇಳಿಸಿದ್ದು ಅದೇ!

ಅದೇ ಆಶ್ ತುಂಡಿನ ಮಿಕ್ಕಿದ್ದರಲ್ಲಿ ಒಂದು ಮಾರ್ಕಿಂಗ್ ಗೇಜ್ ಆಯ್ತು, ಅಂಚಿಗೆ ಸಮವಾಗಿ ಗೆರೆ ಎಳೆಯೋದು, ಕಡ್ಡಿ, ಅದರ ಮೇಲೆ ಜಾರೋ ಗಟ್ಟಿ, ಚಿಕ್ಕ ಬೆಣೆ, ತುದೀಲಿ ಒಂದು ಮೊಳೆ. ಮೊಳೆ ಚೂಪಾಗಿದ್ರೆ ನಾರು ಕಿತ್ತು ಬರುತ್ತೆ, ಅರದಲ್ಲಿ ಚಪ್ಪಟೆ ಉಜ್ಜಿ ಪುಟಾಣಿ ಚಾಕು ಥರ ಮಾಡಿದ ಮೇಲೆ ಗೆರೆ ಚೆನ್ನಾಗಿ ಬೀಳ್ತಿದೆ. ತೊಂಬತ್ತು ಡಿಗ್ರಿ ನೋಡೋ ಮೂಲೆಮಟ್ಟಾನೂ ಮಾಡ್ದೆ. ಗೆರೆ ಎಳೆದು, ಮಟ್ಟ ಮಗುಚಿ ಹಾಕಿ ಅದೇ ಜಾಗದಲ್ಲಿ ಇನ್ನೊಂದು ಎಳೆದ್ರೆ ತಪ್ಪು ಡಬಲ್ ಆಗಿ ಕಾಣುತ್ತೆ ಅಂತ ನೀವೇ ತೋರಿಸಿದ್ರಿ, ನಂದು ಇನ್ನೂ ಕೂದಲೆಳೆ ಆಚೆ ಇದೆ, ಮುಂದಿನ ಭಾನುವಾರ ಉಜ್ಬೇಕು.

ಓಕ್ ಮಾತ್ರ ಸಾಕಪ್ಪಾ ಸಾಕು. ಹಸಿ ಓಕ್ ಕೆತ್ತಿದ ದಿನ ಕೈಯೆಲ್ಲ ನೀಲಿಗಪ್ಪು, ಉಳೀನೂ ಕಪ್ಪು, ಅದರಲ್ಲಿರೋ ಟ್ಯಾನಿನ್ ಅನ್ನೋ ಒಗರು ಅಂಶ ಕಬ್ಬಿಣಕ್ಕೆ ತಾಗಿದ್ರೆ ಶಾಯಿ ಆಗುತ್ತಂತೆ, ಮಾರನೇ ದಿನ ಆಫೀಸಲ್ಲಿ ಎಲ್ರೂ ಕೈ ನೋಡೋರೇ. ಎಲ್ಲಾದಕ್ಕೂ ಕೊನೇಲಿ ಅಗಸೆ ಎಣ್ಣೆ ಹಚ್ಚಿದೀನಿ, ಒರೆಸಿದ ಬಟ್ಟೆ ಮುದ್ದೆ ಮಾಡಿ ಎಸೆದ್ರೆ ತಾನೇ ಬಿಸಿಯಾಗಿ ಹತ್ಕೊಂಡುಬಿಡುತ್ತೆ, ಹಾಗಾಗಿ ಹೊರಗೆ ತಂತಿ ಮೇಲೆ ಹರಡ್ತೀನಿ, ಒಣಗಿ ಗಟ್ಟಿಯಾದ ಮೇಲೇ ಎಸೆಯೋದು.

ಅಪ್ಪಾ, ಒಂದು ಕೆಲಸ ಮಾಡಿ. ಸೌದೆ ತರಿಸಿದಾಗ ಅದರಲ್ಲಿ ಹುಣಸೆ ಇದ್ರೆ ಒಂದು ದಪ್ಪ ತುಂಡು ತೆಗೆದಿಡಿ, ನಾರು ಹೆಣೆದುಕೊಂಡಿರುತ್ತಲ್ಲ, ಕಾವಿಗಾಗಲ್ಲ, ಕೊಡತಿ ತಲೆಗೆ ಅದಕ್ಕಿಂತ ಬೇಕಾ. ತುದಿಗೆ ಮೇಣ ಬಳಿದು ನೆರಳಲ್ಲಿಡಿ, ಮೇಲೆ ತಾರೀಕು ಬರೀರಿ. ನಿಮ್ಮ ಹಳೇ ಅಗಲದ ಉಳಿ ಇದೆಯಲ್ಲ, ಅದರ ಹಿಡಿ ಅಳತೆ ಕಳಿಸಿ, ಮೇಲಿನ ದಪ್ಪ, ಕೆಳಗಿನ ದಪ್ಪ, ಉದ್ದ, ಮೂರೂ. ಆಶ್ ಇನ್ನೂ ಎರಡು ಸೀಳು ಉಳಿದಿದೆ, ಒಂದು ನಿಮ್ಮ ಉಳಿಗೆ ಅಂತ ಪೆನ್ಸಿಲಲ್ಲಿ ಬರೆದಿಟ್ಟಿದೀನಿ, ತೂಕ ಇನ್ನೂ ಇಳೀತಾ ಇದೆ.

ನಿಮ್ಮ ಮಗ