ಆ ಲೈನ್‌ಮನ್ ಎಲ್ಲಿ ಹೋದ?

ತಮ್ಮಾ,

ನಿನ್ನ ಚಿತ್ರಕಥೆ ಕೈಸೇರಿ ಹದಿನೈದು ದಿನವಾಯಿತು. ಎರಡು ಸಲ ಓದಿದೆ. ನೀನು ಕಥೆ ಬರೆದು, ಗೆಳೆಯನ ಕೈಲಿ ಚಿತ್ರ ಬರೆಸಿದ ಕಾಮಿಕ್ಸಿನ ಆರು ಮಂದಿ ಸೂಪರ್‌ಹೀರೋಗಳನ್ನು ಒಂದೇ ಸಿನಿಮಾದಲ್ಲಿ ಸೇರಿಸಬೇಕೆಂಬ ನಿನ್ನ ಹಟ ನನಗೆ ಹಿಡಿಸಿತು. ಜೊತೆಗಿದ್ದ ಕಾಗದದ ಕೊನೆಯ ಸಾಲು ಮಾತ್ರ ಸಂಕಟ ತಂದಿತು. ‘ಆರು ಜನರನ್ನು ನಿಭಾಯಿಸೋ ಯೋಗ್ಯತೆ ನನಗಿಲ್ಲ ಸರ್, ಬರೆಯೋದನ್ನೇ ಬಿಟ್ಟುಬಿಡ್ತೀನಿ’ ಅಂತ ಬರೆದಿದ್ದೀಯ. ಮೂವತ್ತು ವರ್ಷ ಸಿನಿಮಾಕ್ಕೆ ಸಂಭಾಷಣೆ ಬರೆದವನು ನಾನು. ಕೇಳು, ಆ ಆರು ಜನರನ್ನು ನೀನು ಚೆನ್ನಾಗಿಯೇ ನಿಭಾಯಿಸಿದ್ದೀಯ. ಕೈಬಿಟ್ಟದ್ದು ಏಳನೆಯವನನ್ನು.

ಒಂದು ಸೀನು ಎಷ್ಟು ಪುಟ ಇರಬೇಕು, ಯಾವ ಸಾಫ್ಟ್‌ವೇರಿನಲ್ಲಿ ಬರೆಯಬೇಕು, ಯಾವ ನಿರ್ಮಾಪಕರನ್ನು ಕಾಣಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ನನಗೆ ಇರುವುದು ಒಂದೇ ಪ್ರಶ್ನೆ. 41ನೇ ಪುಟದಲ್ಲಿ ಸುರಿಯುವ ಮಳೆಯಲ್ಲಿ ಕಂಬ ಹತ್ತಿ ಆಸ್ಪತ್ರೆಗೆ ಕರೆಂಟು ಕೊಟ್ಟ ಆ ಲೈನ್‌ಮನ್, ಆಮೇಲೆ ಎಲ್ಲಿ ಹೋದ?

ನೀನು ಮಾದರಿಯಾಗಿ ಇಟ್ಟುಕೊಂಡ, ಆರು ಸೂಪರ್‌ಹೀರೋಗಳ ಹಾಲಿವುಡ್ ಚಿತ್ರ ‘ದಿ ಅವೆಂಜರ್ಸ್’ ಅನ್ನೇ ನೋಡೋಣ. ಸ್ಟಾನ್ ಲೀ ಮತ್ತು ಜಾಕ್ ಕರ್ಬಿ 1963ರಲ್ಲಿ ಶುರು ಮಾಡಿದ ಕಾಮಿಕ್ಸಿನ ಮೊದಲ ತಂಡದಲ್ಲಿದ್ದ ಆಂಟ್-ಮ್ಯಾನ್, ವಾಸ್ಪ್ ಇಬ್ಬರೂ 2012ರ ಚಿತ್ರದಲ್ಲಿ ಇಲ್ಲ. ಆ ಮೊದಲ ಸಂಚಿಕೆಯಲ್ಲಿ ಇಲ್ಲದ, ನಾಲ್ಕನೆಯದರಲ್ಲಿ ಬಂದು ಸೇರಿದ ಕ್ಯಾಪ್ಟನ್ ಅಮೆರಿಕ ಚಿತ್ರದ ನಡುಗಂಬ. ಐದು ಸಿನಿಮಾಗಳಲ್ಲಿ ಒಬ್ಬೊಬ್ಬರನ್ನೇ ಪರಿಚಯ ಮಾಡಿಸಿ, ಆರನೆಯದರಲ್ಲಿ ಎಲ್ಲರನ್ನೂ ಕೂಡಿಸಿದರು. ನಿರ್ದೇಶಕ ಜಾಸ್ ವೀಡನ್ ಬಂದವನೇ ಅದಕ್ಕೂ ಮೊದಲಿದ್ದ ಕರಡನ್ನು ಪಕ್ಕಕ್ಕಿಟ್ಟು ಹೊಸದಾಗಿ ಬರೆದ. ಛಾಯಾಗ್ರಾಹಕ ಶೇಮಸ್ ಮೆಗಾರ್ವಿ ಉದ್ದನೆಯ ಪಟ್ಟಿಯಂಥ ಚೌಕಟ್ಟು ಬೇಡವೆಂದು 1.85:1ರ ಎತ್ತರದ ಚೌಕಟ್ಟು ಆರಿಸಿಕೊಂಡ. ದೈತ್ಯದೇಹದ ಹಲ್ಕ್‌ನ ತಲೆಯೂ ಕತ್ತರಿಸಬಾರದು, ಅವನ ಮುಂದೆ ಪುಟ್ಟವಳಾದ ಬ್ಲ್ಯಾಕ್ ವಿಡೋ ಅದೇ ಶಾಟಿನಲ್ಲಿ ಮರೆಯೂ ಆಗಬಾರದು. ಇದೆಲ್ಲ ನಿನಗೆ ಗೊತ್ತು, ಹತ್ತು ಸಲ ನೋಡಿದ್ದೀಯ.

ಹತ್ತು ಸಲ ನೋಡಿಯೂ ನೀನು ಆ ಮುದುಕನನ್ನು ನೋಡಲಿಲ್ಲವಲ್ಲ ಅಂತ ನನಗೆ ಸಿಟ್ಟು. ಜರ್ಮನಿಯ ಸ್ಟಟ್‌ಗಾರ್ಟ್ ಅಂತ ತೋರಿಸುವ ಆ ಚೌಕವನ್ನು ಚಿತ್ರೀಕರಿಸಿದ್ದು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ. ಖಳನಾಯಕ ಲೋಕಿ ಅಬ್ಬರಿಸುತ್ತಾನೆ, ಜನವೆಲ್ಲ ಮಂಡಿಯೂರುತ್ತದೆ. ಒಬ್ಬ ಮುದುಕ ಮಾತ್ರ ಎದ್ದು ನಿಲ್ಲುತ್ತಾನೆ, ನಿನ್ನಂಥವರಿಗೆ ತಲೆಬಾಗುವುದಿಲ್ಲ ಅನ್ನುತ್ತಾನೆ. ಅವನ ಕೈಯಲ್ಲಿ ಏನೂ ಇಲ್ಲ. ಕ್ಯಾಪ್ಟನ್ ಗುರಾಣಿ ಹಿಡಿದು ಧುಮುಕುವುದು ಅವನಿಗೆ ಅಡ್ಡ ನಿಲ್ಲಲಿಕ್ಕೆ. ಮುದುಕ ಏಳದಿದ್ದರೆ ಅಲ್ಲಿ ಆ ಗುರಾಣಿಗೆ ಏನು ಕೆಲಸ, ಹೇಳು.

ಇನ್ನು ಕೋಲ್ಸನ್. ಅವನು ಕಾಮಿಕ್ಸಿನಿಂದ ಬಂದವನೇ ಅಲ್ಲ. 2008ರ ‘ಐರನ್ ಮ್ಯಾನ್’ ಚಿತ್ರಕ್ಕಾಗಿ ಹುಟ್ಟಿದ ಸಣ್ಣ ಪಾತ್ರ, ಕ್ಲಾರ್ಕ್ ಗ್ರೆಗ್ ಮಾಡಿದ್ದು. ಗೂಢಚಾರ ಸಂಸ್ಥೆಯೊಂದರಲ್ಲಿ ಕೋಟು ಹಾಕಿದ ಒಬ್ಬ ನೌಕರ. ಕ್ಯಾಪ್ಟನ್ನನ ಚಿತ್ರವಿರುವ ಹಳೆಯ ಕಾರ್ಡುಗಳನ್ನು ಹುಡುಗನ ಹಾಗೆ ಕಾಪಾಡಿಕೊಂಡವನು. ಒಬ್ಬರಿಗೊಬ್ಬರು ಆಗದ ಆ ವೀರರು ಒಂದಾಗುವುದು ಅವನು ಸತ್ತ ಮೇಲೆ. ಅವನ ಮೇಲಧಿಕಾರಿ ನಿಕ್ ಫ್ಯೂರಿ ರಕ್ತ ಹತ್ತಿದ ಕಾರ್ಡುಗಳನ್ನು ಮೇಜಿನ ಮೇಲೆ ಎಸೆಯುತ್ತಾನೆ. ಆಮೇಲೆ ತಿಳಿಯುತ್ತದೆ, ಅವು ಕೋಲ್ಸನ್ನನ ಜೇಬಿನಲ್ಲಿ ಇರಲೇ ಇಲ್ಲ, ಲಾಕರಿನಲ್ಲಿದ್ದವು. ಒಬ್ಬ ನೌಕರನ ಪ್ರೀತಿಯನ್ನು ಮೇಲಧಿಕಾರಿ ಹೀಗೆ ಬಳಸಿಕೊಂಡದ್ದನ್ನು ಬರೆಯಲು ಧೈರ್ಯ ಬೇಕು. ನನಗೆ ಇಡೀ ಚಿತ್ರದಲ್ಲಿ ಅತಿ ಇಷ್ಟವಾದ ಬರವಣಿಗೆ ಅದೇ.

ಅವರೂ ತಪ್ಪಿದ್ದಾರೆ. ಒಂದು ಕೆಫೆಯ ಪರಿಚಾರಿಕೆ ಮತ್ತು ಕ್ಯಾಪ್ಟನ್ ನಡುವಿನ ದೃಶ್ಯಗಳನ್ನು ಚಿತ್ರೀಕರಿಸಿದ್ದರು, ಎಡಿಟಿಂಗಿನಲ್ಲಿ ಹೋದವು. ಕೊನೆಗೆ ಅವಳು ಟಿವಿಯಲ್ಲಿ ‘ಕ್ಯಾಪ್ಟನ್ ನನ್ನನ್ನು ಉಳಿಸಿದ’ ಅನ್ನುವಾಗ ನಮಗೆ ಅವಳು ಯಾರೋ ಒಬ್ಬಳು, ಅಷ್ಟೆ. ಎರಡು ಗಂಟೆ ಇಪ್ಪತ್ತಮೂರು ನಿಮಿಷದಲ್ಲಿ ಅವಳಿಗೆ ಎರಡು ನಿಮಿಷ ಸಿಗಲಿಲ್ಲವೇ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಇಷ್ಟು ಬೇಯುವುದಕ್ಕೆ ಕಾರಣವಿದೆ. ಮೂವರು ನಾಯಕರಿದ್ದ ಒಂದು ಚಿತ್ರಕ್ಕೆ ನಾನು ಬರೆಯುತ್ತಿದ್ದೆ. ಅದರಲ್ಲಿ ರೈಲ್ವೆ ಗೇಟು ಕಾಯುವ ಒಬ್ಬನಿಗೆ ಒಂದೇ ದೃಶ್ಯ, ಏಳು ಮಾತು. ಕಂಪನಿ ನಾಟಕದಲ್ಲಿ ಹೆಸರು ಮಾಡಿದ್ದ ಹಿರಿಯರೊಬ್ಬರು ಆ ಪಾತ್ರಕ್ಕೆ ಬಂದಿದ್ದರು. ಬೆಳಿಗ್ಗೆಯೇ ಮೇಕಪ್ ಮಾಡಿಕೊಂಡು, ಮಾತುಗಳನ್ನು ಬಾಯಲ್ಲೇ ಹೇಳಿಕೊಳ್ಳುತ್ತ ಕೂತಿದ್ದರು. ನಾಯಕರಲ್ಲೊಬ್ಬರ ಕಡೆಯವರು ತಮ್ಮವರಿಗೆ ಮಾತು ಕಡಿಮೆಯಾಯಿತು ಅಂದರು. ನಾನು ವಾದ ಮಾಡಲಿಲ್ಲ. ಆ ದೃಶ್ಯ ತೆಗೆದು, ನಾಯಕನಿಗೆ ಒಂದು ಪುಟ ಬರೆದುಕೊಟ್ಟೆ. ಹಿರಿಯರಿಗೆ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಸಂಜೆ ಪ್ಯಾಕಪ್ ಅಂದಾಗ ಅವರು ಬಣ್ಣ ಒರೆಸಿಕೊಂಡು, ನನಗೆ ನಮಸ್ಕಾರ ಮಾಡಿ ಬಸ್ಸು ಹಿಡಿದರು. ನಾಯಕನಿಗೆ ಬರೆದ ಆ ಪುಟದ ಒಂದು ಮಾತೂ ನನಗೆ ಈಗ ನೆನಪಿಲ್ಲ. ಗೇಟಿನವನ ಏಳು ಮಾತೂ ಬಾಯಿಪಾಠವಿದೆ.

ಹೊಡೆದಾಟವೆಲ್ಲ ಮುಗಿದ ಮೇಲೆ ಆರೂ ಜನ ಶವರ್ಮಾ ತಿನ್ನುವ ತುಣುಕು ನಿನಗೆ ಬಲು ಇಷ್ಟ ಅಂದಿದ್ದೀಯ. ನನಗೂ ಇಷ್ಟ. ಅದನ್ನು ಪ್ರೀಮಿಯರ್ ಆದ ಮೇಲೆ ಚಿತ್ರೀಕರಿಸಿ ಸೇರಿಸಿದರು. ಕ್ಯಾಪ್ಟನ್ ಪಾತ್ರ ಮಾಡಿದ ಕ್ರಿಸ್ ಇವಾನ್ಸ್ ಅಷ್ಟು ಹೊತ್ತಿಗೆ ಬೇರೊಂದು ಚಿತ್ರಕ್ಕಾಗಿ ಗಡ್ಡ ಬಿಟ್ಟಿದ್ದರಿಂದ ಅವನ ಮುಖ ಮರೆಮಾಡಬೇಕಾಯಿತು. ಯಾರೂ ಒಂದು ಮಾತೂ ಆಡುವುದಿಲ್ಲ. ಇದನ್ನೆಲ್ಲ ಬರೆದ ನೀನು, ಅವರ ಹಿಂದೆ ಅಂಗಡಿಯ ನೆಲ ಗುಡಿಸುತ್ತಿರುವವನ ವಿಷಯ ಬರೆದಿಲ್ಲ. ಇನ್ನೊಮ್ಮೆ ಹಾಕಿ ನೋಡು.

ಬರೆಯುವುದನ್ನು ಬಿಡುವ ಮಾತು ಆಮೇಲೆ ಆಡೋಣ. ಮೊದಲು ಆ ಲೈನ್‌ಮನ್‌ಗೆ ಒಂದು ಹೆಸರಿಡು. ಕಂಬದಿಂದ ಇಳಿದ ಮೇಲೆ ಅವನ ಒದ್ದೆ ಬಟ್ಟೆ ಏನಾಯಿತು, ಮನೆಯಲ್ಲಿ ಯಾರು ಎದ್ದಿದ್ದರು, ಅಷ್ಟು ಹೊತ್ತಿನಲ್ಲಿ ಊಟಕ್ಕೆ ಏನು ಉಳಿದಿತ್ತು, ಬರೆದು ಕಳಿಸು. ತಿಂಗಳ ಕೊನೆಯವರೆಗೆ ನಾನು ಮನೆಯಲ್ಲೇ ಇರುತ್ತೇನೆ.

ಪ್ರೀತಿಯಿಂದ,
ನಿನ್ನ ಸರ್