ಮೇಜು ಸಿಂಗಾರ, ಊಟ ತಣ್ಣಗೆ

ಮಾನ್ಯ ಸಂಪಾದಕರೇ,

ಪ್ರತಿಷ್ಠಿತ ರೆಸ್ಟೋರೆಂಟ್ ಒಂದಕ್ಕೆ ಒಂದೇ ತಿಂಗಳಲ್ಲಿ ಎರಡು ಬಾರಿ ಹೋಗಿ, ಎರಡು ಬಾರಿಯೂ ಬೇಸರದಿಂದಲೇ ಹಿಂದಿರುಗಿದ್ದೇನೆ. ಮೇಜು ಮುಂಗಡವಾಗಿ ಕಾಯ್ದಿರಿಸಿದ್ದರೂ ಮುಕ್ಕಾಲು ಗಂಟೆ ಬಾಗಿಲ ಬಳಿ ನಿಲ್ಲಬೇಕಾಯಿತು. ಕೊನೆಗೂ ಬಂದ ಸೂಪಿನ ಮೇಲೆ ಕೆನೆಗಟ್ಟಿತ್ತು, ಬಟ್ಟಲು ಮುಟ್ಟಿದರೆ ತಣ್ಣಗಿತ್ತು. ಬಡಿಸಿದ್ದು ಬೇಗ ಆರದಿರಲೆಂದು ತಟ್ಟೆ, ಬಟ್ಟಲುಗಳನ್ನು ಮೊದಲೇ ಬೆಚ್ಚಗೆ ಮಾಡಿಡುವುದು ಈ ವೃತ್ತಿಯ ಹಳೆಯ ರೂಢಿ; ಇಷ್ಟು ಹಣ ಪಡೆಯುವವರೇ ಅದನ್ನು ಮರೆತರೆ ಹೇಗೆ? ದೂರಿದಾಗ ಬಡಿಸಿದ ಹುಡುಗ, ತನ್ನ ತಪ್ಪೇನೂ ಇಲ್ಲದಿದ್ದರೂ, ವಿನಯದಿಂದ ಕ್ಷಮೆ ಕೇಳಿದ; ವ್ಯವಸ್ಥಾಪಕರು ಮಾತ್ರ ನಮ್ಮತ್ತ ತಿರುಗಿಯೂ ನೋಡಲಿಲ್ಲ. ಎರಡನೆಯ ಬಾರಿ, ನಾವು ತರಿಸಿಕೊಳ್ಳದ ನೀರಿನ ಬಾಟಲಿಯೂ ಬಿಲ್ಲಿನಲ್ಲಿ ಸೇರಿತ್ತು. ಅಲ್ಲಿನ ಮಂದ ಬೆಳಕಿನಲ್ಲಿ ಅದನ್ನು ಓದಲು ಮೊಬೈಲಿನ ಟಾರ್ಚ್ ಹಿಡಿಯಬೇಕಾಯಿತು.

– ನೊಂದ ಗ್ರಾಹಕ